ಅಕ್ಕೋರ ಕಿಟಕಿಯ ಪಟ್ಟೆ ವೈಲೆಟ್

ಆಫ್ರಿಕನ್ ವೈಲೆಟ್ ಗಿಡದ ನೆತ್ತಿಯ ಮೇಲೆ ನೀರು ಬೀಳಬಾರದು. ಈ ಮಾತನ್ನು ಆ ವರ್ಷ ನಾನು ಎಷ್ಟು ಸಲ ಹೇಳಿದೆನೋ, ಎಷ್ಟು ದನಿ ಏರಿಸಿ ಹೇಳಿದೆನೋ ನೆನಪಿಲ್ಲ. ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಅಕ್ಕೋರ ಮನೆಯ ಗಿಡ ಹೋದದ್ದು ಬರೀ ನೀರಿನಿಂದಲ್ಲ ಎಂದು ನನಗೆ ತಿಳಿಯುವ ಹೊತ್ತಿಗೆ ಒಂದು ವರ್ಷವೇ ಕಳೆದಿತ್ತು.

ಗದಗ ಹೊಸದಾಗಿ ಜಿಲ್ಲೆಯಾದ ಕಾಲ ಅದು. ಒಂದರ ಹಿಂದೆ ಒಂದು ಕಚೇರಿ ತೆರೆಯುತ್ತಿತ್ತು, ತೆರೆದ ಪ್ರತಿ ಕಚೇರಿಯ ಬಾಗಿಲಿಗೂ ಎಡಕ್ಕೆರಡು ಬಲಕ್ಕೆರಡು ಕುಂಡ ಬೇಕಾಗುತ್ತಿತ್ತು. ಬೆಟಗೇರಿಯಲ್ಲಿದ್ದ ನನ್ನ ಪುಟ್ಟ ನರ್ಸರಿಗೆ ಅದರಿಂದ ಜೀವ ಬಂದಿತ್ತು. ಬೆಳ್ಳಟ್ಟಿ ಕಡೆ ಸೇವಂತಿಗೆ ಬೆಳೆಯುವ ಮನೆಯಲ್ಲಿ ಹುಟ್ಟಿದವನು ನಾನು. ಮೇಲೆ ಧಾರವಾಡದಲ್ಲಿ ತೋಟಗಾರಿಕೆಯ ತರಬೇತಿ ಬೇರೆ ಮುಗಿಸಿದ್ದೆ. ಹೀಗಾಗಿ ನನಗೆ ಧಿಮಾಕೂ ಸ್ವಲ್ಪ ಇತ್ತು. ಸ್ವಲ್ಪ ಅಂದದ್ದು ನನ್ನ ಮೇಲಿನ ಪ್ರೀತಿಯಿಂದ.

ದೀಪಾವಳಿ ಮುಗಿದ ವಾರ ಒಂದು ಮುಂಜಾನೆ, ಓಣಿಯವರೆಲ್ಲ ಅಕ್ಕೋರು ಎಂದು ಕರೆಯುವ ನಿವೃತ್ತ ಶಿಕ್ಷಕಿಯೊಬ್ಬರು ನರ್ಸರಿಗೆ ಬಂದರು. ಕೈಚೀಲದೊಳಗಿನಿಂದ ಒಂದು ಕುಂಡ ತೆಗೆದು ನನ್ನ ಮುಂದಿಟ್ಟರು.

“ತಮ್ಮಾ, ಇದಕ್ಕೇನಾಗೈತಿ ನೋಡು. ಬದುಕೂದಿಲ್ಲಂದ್ರ ಬದುಕೂದಿಲ್ಲಂತ ಹೇಳಿಬಿಡು. ಸುಳ್ಳ ಧೈರ್ಯ ಕೊಡಬ್ಯಾಡ.”

ಎಲೆಗಳು ಕೆಳಗೆ ಮುದುಡಿದ್ದವು. ಮೇಲೆ ಕಂದು ಬಣ್ಣದ ಉಂಗುರದಂಥ ಕಲೆಗಳು. ಕುಂಡದ ಅಂಚಿಗೆ ಸುಣ್ಣದಂತೆ ಬಿಳಿ ಪೊರೆ ಕಟ್ಟಿತ್ತು, ಆ ಅಂಚಿಗೆ ತಾಗಿದ ಎಲೆಯ ದಂಟುಗಳೆಲ್ಲ ಕೊಳೆತಿದ್ದವು. ಆಫ್ರಿಕನ್ ವೈಲೆಟ್ಟನ್ನು ನಾನು ಅದಕ್ಕೂ ಮೊದಲು ನೋಡಿದ್ದು ಎರಡೇ ಸಲ, ಎರಡೂ ಸಲ ತರಬೇತಿಯಲ್ಲಿ, ದೂರದಿಂದ. ಆದರೂ “ಬದುಕ್ತೈತಿ ಬಿಡ್ರಿ” ಅಂದೆ.

ಅವರ ಮನೆಗೆ ಹೋದಾಗ ಅಂಥವು ಇನ್ನೂ ಆರು ಇದ್ದವು. ಪಡುವಣ ಕಿಟಕಿಯಲ್ಲಿ ಸಾಲಾಗಿ ಕೂತು ಸಾಯುತ್ತಿದ್ದವು. ಅವು ಅಕ್ಕೋರ ತಂಗಿಯ ಗಿಡಗಳು. ಅಕ್ಕ ತಂಗಿ ಇಬ್ಬರೇ ಇದ್ದ ಮನೆ. ತಂಗಿ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದವರು. ಒಮ್ಮೆ ಊಟಿಗೆ ಹೋದಾಗ ಎರಡು ಎಲೆಗಳನ್ನು ಒದ್ದೆ ಕರವಸ್ತ್ರದಲ್ಲಿ ಸುತ್ತಿ ತಂದು, ಅವುಗಳಿಂದ ಏಳು ಗಿಡ ಮಾಡಿದ್ದರು. ಏಳರಲ್ಲಿ ಆರು ನೀಲಿ. ಏಳನೆಯದು ಮಾತ್ರ, ಯಾಕೋ ಏನೋ, ಬಿಳಿಯ ಎಸಳಿನ ಮೇಲೆ ನೀಲಿ ಪಟ್ಟೆ ಎಳೆದ ಹೂ ಬಿಟ್ಟಿತ್ತು. ಅದೇ ವರ್ಷ ತಂಗಿ ಹಾಸಿಗೆ ಹಿಡಿದರು, ಮತ್ತೆ ಏಳಲಿಲ್ಲ.

“ದವಾಖಾನ್ಯಾಗ ದಿನಾ ಕೇಳತಿದ್ಲು, ಪಟ್ಟಿದು ಮತ್ತ ಬಿಟ್ಟೈತೇನು ಅಂತ. ಬಿಟ್ಟೈತಿ ಅಂತಿದ್ನಿ. ಬಿಟ್ಟಿರಲಿಲ್ಲ. ಆಮ್ಯಾಲೂ ಬಿಡಲಿಲ್ಲ,” ಎಂದರು ಅಕ್ಕೋರು. ನರ್ಸರಿಗೆ ತಂದಿದ್ದ ಕುಂಡ ಅದೇ. “ಉಳದಾವು ಹೋದ್ರ ಹೋಗಲಿ. ಇದೊಂದು ಉಳಿಸಿ ಕೊಡು. ಅಕಿಗೆ ಹೇಳಿದ್ದು ಒಮ್ಮೆರ ಖರೆ ಆಗಲಿ.”

ಕೆಲಸ ಶುರುವಾಯಿತು. ಮೊದಲು ನೀರು. ನಳದ ನೀರು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ, ನಡುವೆ ಬೋರಿನ ನೀರೇ ಗತಿ. ಆ ನೀರು ಕಾಸಿದ ಪಾತ್ರೆಯ ತಳ ನೋಡಿದರೆ ಸಾಕು, ಅದರಲ್ಲಿ ಎಷ್ಟು ಉಪ್ಪಿದೆ ಎಂದು ತಿಳಿಯುತ್ತದೆ. ಕುಂಡದ ಅಂಚಿನ ಬಿಳಿ ಪೊರೆ ಅದರದೇ. ಕೆಲಸದ ಮೇಲೆ ಮುಂಡರಗಿ ಕಡೆ ಹೋದಾಗೆಲ್ಲ ಹೊಳೆದಂಡೆಯ ಕೊರ್ಲಹಳ್ಳಿಯವರೆಗೂ ಹೋಗಿ ಎರಡು ಕ್ಯಾನು ಹೊಳೆಯ ನೀರು ತುಂಬಿ ತರತೊಡಗಿದೆ. ಬಸ್ಸಿನ ಕಂಡಕ್ಟರ್ ನನ್ನನ್ನೂ ಕ್ಯಾನನ್ನೂ ನೋಡಿ, “ಹೊಳಿನ ಹೊತ್ಕೊಂಡು ಹೊಂಟಿಯಲ್ಲೋ ಮಾರಾಯಾ, ಗದಗಿನ್ಯಾಗ ಯಾರಿಗೆ ಹಿಂತಾ ತ್ರಾಸ ಬಂದೈತಿ?” ಎಂದು ನಗುತ್ತಿದ್ದ. ಗಿಡಕ್ಕೆ ಎಂದು ಹೇಳಲು ನಾಚಿಕೆಯಾಗಿ ಔಷಧಕ್ಕೆ ಎನ್ನುತ್ತಿದ್ದೆ.

ಎರಡನೆಯದು ಮಣ್ಣು. ಯಾರೋ ಅಕ್ಕೋರಿಗೆ ಎರೆಮಣ್ಣು, ಸಗಣಿ ಗೊಬ್ಬರ ತುಂಬಿಸಿ ಕೊಟ್ಟಿದ್ದರು. ನಮ್ಮ ಎರೆಮಣ್ಣು ಹತ್ತಿಗೆ ಒಳ್ಳೆಯದು, ಕಡಲೆಗೆ ಒಳ್ಳೆಯದು, ಕೂದಲೆಳೆಯಂಥ ಬೇರಿನ ಈ ಗಿಡಕ್ಕೆ ಮಾತ್ರ ಗೋರಿ. ಜರಡಿ ಹಿಡಿದ ಎಲೆಗೊಬ್ಬರ, ತೆಂಗಿನ ನಾರಿನ ಪುಡಿ, ತೊಳೆದ ಮರಳು, ಚೂರು ಇದ್ದಿಲು ಕೂಡಿಸಿ ಹಗುರವಾದ ಮಿಶ್ರಣ ಮಾಡಿದೆ. ಕುಂಡ ಚಿಕ್ಕದು ಮಾಡಿದೆ. ಗಿಡದ ಹರವಿನ ಮೂರರಲ್ಲಿ ಒಂದು ಪಾಲಿನಷ್ಟು ಅಗಲವಿದ್ದರೆ ಸಾಕು, ದೊಡ್ಡ ಕುಂಡದಲ್ಲಿ ತೇವ ನಿಂತು ಬೇರು ಕೊಳೆಯುತ್ತದೆ. ಪಡುವಣ ಕಿಟಕಿಯಿಂದ ತೆಗೆದು ಬಡಗಣ ಕಿಟಕಿಗೆ ಇಟ್ಟು, ಹಳೆಯ ಬಿಳಿ ಧೋತರ ಹರಿದು ಪರದೆ ಕಟ್ಟಿದೆ.

ನೀರು ಕೆಳಗಿನಿಂದಲೇ. ತಟ್ಟೆಯಲ್ಲಿ ನೀರು ಹಾಕಿ ಕುಂಡ ಇಡುವುದು, ಮೇಲ್ಮಣ್ಣು ಒದ್ದೆಯಾದೊಡನೆ ಉಳಿದ ನೀರು ಚೆಲ್ಲುವುದು. ದಿನವೂ ನಾನು ಹೋಗುವುದಾಗುತ್ತಿರಲಿಲ್ಲ. ಬತ್ತಿಯ ದಾರಿ ಹಿಡಿದೆ: ಕುಂಡದ ತೂತಿನಿಂದ ದಾರ ಇಳಿಬಿಟ್ಟು ಕೆಳಗಿನ ಡಬ್ಬಿಯ ನೀರಲ್ಲಿ ಮುಳುಗಿಸಿದರೆ ಗಿಡ ತನಗೆ ಬೇಕಾದಷ್ಟು ತಾನೇ ಎಳೆದುಕೊಳ್ಳುತ್ತದೆ. ಅಕ್ಕೋರ ಮನೆಗೆಲಸಕ್ಕೆ ಬರುತ್ತಿದ್ದ ಹೆಣ್ಣುಮಗಳ ಗಂಡ ಬೆಟಗೇರಿಯಲ್ಲಿ ನೇಕಾರ. ಆಕೆ ಮನೆಯಿಂದ ಹತ್ತಿ ನೂಲು ತಂದುಕೊಟ್ಟಳು. ಎರಡು ವಾರದಲ್ಲಿ ಅದು ಕೊಳೆತು ನಾರಿತು. ನೈಲಾನ್ ದಾರ ಹಾಕಿದ ಮೇಲೆ ಸರಿಹೋಯಿತು. ದಂಟಿನ ಸಂದಿಯಲ್ಲಿ ಅರಳೆಯಂತೆ ಕೂತಿದ್ದ ಹಿಟ್ಟು ತಿಗಣೆಗಳನ್ನು ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದಾಗಿ ಒರೆಸಿದೆ. ಆಕೆ ಬದಿಯಲ್ಲಿ ಕೂತು ನೋಡುತ್ತಿದ್ದಳು. ರೋಮ ರೋಮದ ಆ ಎಲೆಗಳನ್ನು ಬೆರಳ ಬೆನ್ನಿನಿಂದ ಸವರಿ, “ಮಖಮಲ್ಲ ನೋಡ್ರಿ ಅಣ್ಣಾರ” ಎನ್ನುತ್ತಿದ್ದಳು. ಅವಳ ಪಾಲಿಗೆ ಅದು ಮಖಮಲ್ ಗಿಡ.

ನನ್ನ ಶಾಣ್ಯಾತನವೆಲ್ಲ ಒಂದು ಇಂಗ್ಲಿಷ್ ಪುಸ್ತಕದ್ದು. ತರಬೇತಿ ಕೇಂದ್ರದ ಲೈಬ್ರರಿಯಲ್ಲಿ ಅದನ್ನು ಹುಡುಕಿ, ಆರೈಕೆ ಮತ್ತು ರೋಗದ ಅಧ್ಯಾಯಗಳನ್ನಷ್ಟೇ ಝೆರಾಕ್ಸ್ ಮಾಡಿಸಿಕೊಂಡಿದ್ದೆ. ಉಳಿದ ಅರ್ಧದಲ್ಲಿ ತಳಿಗಳ ಹೆಸರು, ಬಣ್ಣದ ಚಿತ್ರ. ಅವು ನನಗೆ ಯಾಕೆ ಎನಿಸಿತ್ತು.

ಆ ಹಾಳೆಗಳಲ್ಲಿ ಸ್ಪಷ್ಟವಾಗಿ ಬರೆದಿತ್ತು: ಗಿಡಕ್ಕೆ ಒಂದೇ ನೆತ್ತಿ ಇರಬೇಕು, ಬುಡದಲ್ಲಿ ಒಡೆಯುವ ಮರಿಗಳನ್ನು ಚಿಕ್ಕವಿರುವಾಗಲೇ ಚಿವುಟಿ ತೆಗೆಯಬೇಕು. ಚಳಿ ಇಳಿಯುವ ಹೊತ್ತಿಗೆ ಪಟ್ಟೆ ಗಿಡದ ಬುಡದಲ್ಲಿ ಮೂರು ಮರಿ ಒಡೆದಿದ್ದವು. ಪೆನ್ಸಿಲ್ ತುದಿಯಿಂದ ಮೂರನ್ನೂ ಎಬ್ಬಿಸಿ ಕಸದ ಬುಟ್ಟಿಗೆ ಹಾಕಿದೆ.

“ಇವನ್ನ ಹಚ್ಚಿದ್ರ ಬದುಕೂದಿಲ್ಲೇನ್ರಿ?” ಎಂದಳು ಕೆಲಸದಾಕೆ.

“ಅವು ಕಸಾ. ತಾಯಿ ರಸಾ ಹೀರತಾವು. ಒಗಿ,” ಅಂದೆ.

ನಮ್ಮಪ್ಪ ಇಡೀ ಬದುಕು ಸೇವಂತಿಗೆ ಬುಡದ ಮರಿ ಕಿತ್ತು ನೆಟ್ಟೇ ಹೊಲ ಮಾಡಿದವನು. ಅದು ಆ ಹೊತ್ತಿಗೆ ನೆನಪಾಗಲಿಲ್ಲ. ಪುಸ್ತಕ ಓದಿದವನಿಗೆ ಅಪ್ಪ ಯಾಕೆ ನೆನಪಾಗುತ್ತಾನೆ?

ಅದಾಗಿ ಹದಿನೈದು ದಿನಕ್ಕೆ ಪಟ್ಟೆ ಗಿಡ ಹೂ ಬಿಟ್ಟಿತು. ಮೊದಲು ನಾಲ್ಕು, ಆಮೇಲೆ ಒಂಬತ್ತು. ಬೆಳ್ಳಗಿನ ಎಸಳು, ಪ್ರತಿ ಎಸಳಿನ ನಟ್ಟನಡುವೆ ಒಂದು ನೀಲಿ ಪಟ್ಟೆ, ನಡುವೆ ಹಳದಿ ಬಿಂದು. ಅಕ್ಕೋರು ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತರು. ಕಣ್ಣು ಒರೆಸಿಕೊಂಡು, “ಈಗ ಖರೆ ಆತು ನೋಡು” ಎಂದರು. ಅಂದು ನರ್ಸರಿಗೆ ಮರಳುವಾಗ ನಾನು ಸೈಕಲ್ ಮೇಲೆ ಹಾಡುತ್ತಿದ್ದೆ. ಅಷ್ಟು ಸಂತೋಷ ಆ ಮೇಲೆ ನನಗೆ ಈ ಕೆಲಸದಲ್ಲಿ ಸಿಕ್ಕಿಲ್ಲ.

ಬೇಸಿಗೆಯಲ್ಲಿ ಎರಡು ನೀಲಿ ಗಿಡ ಹೋದವು. ಒದ್ದೆ ಗೋಣಿ ತಟ್ಟು ಕಟ್ಟಿ, ನೆಲಕ್ಕೆ ನೀರು ಹೊಡೆದು ಉಳಿದವನ್ನು ಮಳೆಗಾಲಕ್ಕೆ ದಾಟಿಸಿದೆವು. ಪಟ್ಟೆಯದು ದಾಟಿತು. ಇನ್ನು ಭಯವಿಲ್ಲ ಎಂದುಕೊಂಡೆ.

ಆಮೇಲೆ ದಸರೆ ಬಂತು. ಹಬ್ಬದ ಮೊದಲ ದಿನ ದೇವರ ಘಟ ಕೂಡಿಸುವ ಮುಂಚೆ ಮನೆ ಎಂಬ ಮನೆಯ ಸಾಮಾನೆಲ್ಲ ಹೊರಬೀಳುತ್ತದೆ. ಹಾಸಿಗೆ, ಹೊದಿಕೆ, ಡಬ್ಬಿ, ಪಾತ್ರೆ ಎಲ್ಲ ತೊಳೆದು ಬಿಸಿಲಿಗೆ ಹಾಕಿ, ಗೋಡೆಗೆ ಸುಣ್ಣ ಬಳಿಯುವುದು. ಅಕ್ಕೋರ ಮನೆಗೂ ಸುಣ್ಣ ಬಳಿಯುತ್ತಾರೆಂದು ನನಗೆ ಗೊತ್ತಿತ್ತು. ಕುಂಡಗಳನ್ನು ತಂದು ನರ್ಸರಿಯ ನೆರಳಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ನಾನೇ ಹೇಳಿದ್ದೆ. ಅಷ್ಟರಲ್ಲಿ ಮುಂಡರಗಿಯ ಒಂದು ಕಚೇರಿಯಿಂದ ಕುಂಡಗಳ ಕೆಲಸ ಬಂತು. ನಾಳೆ ತಂದರಾಯಿತು ಎಂದು ಹೋದವನು ನಾಲ್ಕು ದಿನ ಅಲ್ಲೇ ಉಳಿದೆ.

ಮರಳಿ ಬಂದು ನೋಡಿದರೆ ಐದೂ ಕುಂಡ ಹಿತ್ತಲ ಬಿಸಿಲಿನಲ್ಲಿ, ತೊಳೆದ ಹಿತ್ತಾಳೆ ಪಾತ್ರೆಗಳ ಸಾಲಿನಲ್ಲಿ ಕೂತಿದ್ದವು. ಎಷ್ಟೋ ಎಲೆಗಳು ಬೆಂದಂತಾಗಿದ್ದವು. ನಾಲ್ಕು ಹೇಗೋ ತಡೆದುಕೊಂಡಿದ್ದವು. ಪಟ್ಟೆಯದರ ನೆತ್ತಿ ಒತ್ತಾಗಿತ್ತು, ಅದರೊಳಗೆ ಎರಡು ದಿನ ನೀರು ನಿಂತು ನಡುವೆ ಕಂದಾಗಿತ್ತು. ಬೆರಳು ಮುಟ್ಟಿಸಿದರೆ ಒಂದು ಬದಿ ಮೆತ್ತಗೆ ಒಳಗೆ ಹೋಯಿತು.

ಕೆಲಸದಾಕೆ ಪಾತ್ರೆ ಒರೆಸುತ್ತ ಅಲ್ಲೇ ಕೂತಿದ್ದಳು.

“ಸುಣ್ಣಾ ಸಿಡದಿತ್ರಿ ಅಣ್ಣಾರ, ಎಲಿ ತುಂಬ. ಸುಡತಾವಂತ ತೊಳದ್ನಿ. ಹಸಿ ಇದ್ವು, ಅದಕ್ಕ ಬಿಸಲಿಗಿಟ್ನಿ.”

ನನ್ನ ತಲೆ ಕೆಟ್ಟಿತು. “ನಿನಗ ಕಣ್ಣ ಅದಾವೋ ಇಲ್ಲೋ? ಎಷ್ಟ್ ಸರ್ತಿ ಹೇಳೇನಿ? ನೀ ಮುಟ್ಟಿದ್ದು ಯಾವುದೂ ಉಳಿಯೂದಿಲ್ಲ. ಕೈ ಅಲ್ಲ ಅದು. ಇನ್ನಮ್ಯಾಲೆ ಹಸರಂಬೂದಕ್ಕ ನೀ ಕೈ ಹಚ್ಚಬ್ಯಾಡ!”

ಓಣಿಗೆಲ್ಲ ಕೇಳುವಂತೆ ಕೂಗಿದೆ. ಆಕೆ ಒರೆಸುತ್ತಿದ್ದ ತಂಬಿಗೆಯನ್ನು ಕೆಳಗಿಟ್ಟು ಎದ್ದಳು. ಅಕ್ಕೋರು ಬಾಗಿಲಲ್ಲಿ ನಿಂತಿದ್ದರು, ನನ್ನನ್ನು ತಡೆಯಲಿಲ್ಲ. ಮರುದಿನದಿಂದ ಆಕೆ ಕೆಲಸಕ್ಕೆ ಬರಲಿಲ್ಲ.

ಈಗ ನನ್ನ ಮುಂದೆ ಎರಡು ದಾರಿ ಇದ್ದವು. ಒಂದು, ಕೊಳೆತ ಭಾಗವನ್ನು ಬ್ಲೇಡಿನಿಂದ ಹಸಿರು ಕಾಣುವವರೆಗೆ ಕೆತ್ತಿ, ನೆತ್ತಿಯಲ್ಲಿ ಗಟ್ಟಿಯಿದ್ದ ಚಿಗುರನ್ನು ಇಡಿಯಾಗಿ ಕತ್ತರಿಸಿ ಮತ್ತೆ ಬೇರು ಬಿಡಿಸುವುದು. ಹತ್ತಿದರೆ ಹತ್ತಿತು, ಇಲ್ಲವಾದರೆ ಎಲ್ಲ ಮುಗಿಯಿತು. ಇನ್ನೊಂದು, ಚೆನ್ನಾಗಿದ್ದ ಎಲೆಗಳನ್ನೆಲ್ಲ ಬಿಡಿಸಿ ನೆಡುವುದು. ಒಂದು ಎಲೆಯಿಂದ ಮೂರು ನಾಲ್ಕು ಗಿಡ. ಒಂದೇ ಗಿಡದ ಮೇಲೆ ಜೂಜಾಡುವ ಬದಲು ಎಲೆಗಳೇ ಭದ್ರ ಎನಿಸಿತು.

ಅಕ್ಕೋರು ಒಂದೇ ಮಾತು ಕೇಳಿದರು. “ಎಲಿಯಿಂದ ಮಾಡಿದ್ರ ಅದ ಪಟ್ಟಿ ಹೂ ಬರತೈತೇನು ತಮ್ಮಾ?”

“ಮತ್ತ್ಯಾವುದು ಬರತೈತ್ರಿ ಅಕ್ಕೋರ? ಅದರ ಎಲಿ, ಅದರ ಹೂ.”

ಹದಿನಾಲ್ಕು ಎಲೆ ಬಿಡಿಸಿದೆ. ದಂಟನ್ನು ಒಂದಿಂಚು ಬಿಟ್ಟು ಓರೆಯಾಗಿ ಕೊಯ್ದು, ತೇವದ ನಾರಿನ ಪುಡಿಯಲ್ಲಿ ಚುಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದೆ. ಬೋಳಾದ ತಾಯಿಗಿಡ ವಾರದಲ್ಲಿ ಕರಗಿಹೋಯಿತು. ಅದನ್ನು ಎಸೆಯುವಾಗ ನನಗೆ ದುಃಖವಾಗಲಿಲ್ಲ. ಅಷ್ಟು ಖಾತ್ರಿ ಇತ್ತು.

ಒಂದೂವರೆ ತಿಂಗಳಿಗೆ ಒಂಬತ್ತು ಎಲೆಗಳ ಬುಡದಲ್ಲಿ ಇಲಿಯ ಕಿವಿಯಷ್ಟು ಹಸಿರು ಎದ್ದಿತು. ಸಂಕ್ರಾಂತಿಯ ಮೇಲೆ ಬಿಡಿಸಿ, ಗಟ್ಟಿಯಿದ್ದವನ್ನು ಆರಿಸಿ ಕುಂಡಕ್ಕೆ ಹಾಕಿ ಅಕ್ಕೋರ ಬಡಗಣ ಕಿಟಕಿಯಲ್ಲಿಟ್ಟೆ. ಮತ್ತೆ ಕೊರ್ಲಹಳ್ಳಿಯ ಕ್ಯಾನು, ಮತ್ತೆ ಕಂಡಕ್ಟರನ ನಗೆ. ಮತ್ತೆ ಬೇಸಿಗೆ, ಅದರಲ್ಲಿ ಹಳೆಯ ನಾಲ್ಕು ನೀಲಿ ಗಿಡವೂ ಹೋದವು. ಮಳೆ ಬರುವ ಹೊತ್ತಿಗೆ ಹೊಸವುಗಳಲ್ಲಿ ಆರು ಉಳಿದಿದ್ದವು, ಆರೂ ಚೆಂದವಾಗಿದ್ದವು.

ಶ್ರಾವಣದಲ್ಲಿ ಮೊದಲ ಮೊಗ್ಗು ಬಿಚ್ಚಿತು. ನೀಲಿ. ಎಲ್ಲೂ ಬಿಳಿಯಿಲ್ಲ, ಪಟ್ಟೆಯಿಲ್ಲ. ನಾನು ಕುಂಡದ ಚೀಟಿ ನೋಡಿದೆ, ಅದಲುಬದಲಾಗಿದೆಯೇನೋ ಎಂದು.

“ಇನ್ನೂ ಐದ ಅದಾವಲ್ಲ,” ಎಂದರು ಅಕ್ಕೋರು.

ಎರಡನೆಯದು ನೀಲಿ. ಮೂರನೆಯದು ನೀಲಿ. ಗಣಪತಿ ಹಬ್ಬ ಮುಗಿಯುವುದರೊಳಗೆ ಆರೂ ನೀಲಿಯಾಗಿ ಅರಳಿ ನಿಂತವು. ಆರನೆಯದು ಬಿಚ್ಚಿದ ದಿನ ಅಕ್ಕೋರು ಕುರ್ಚಿಯಿಂದ ಎದ್ದು ಅಡಿಗೆ ಮನೆಗೆ ಹೋದರು. ನಾನು ಹೇಳದೆ ಎದ್ದು ಬಂದೆ.

ಕಾರಣ ನನ್ನ ನರ್ಸರಿಯಲ್ಲೇ ಸಿಕ್ಕಿತು. ಒಂದು ಕಚೇರಿಗೆ ಹಳದಿ ಅಂಚಿನ ಹಾವಿನ ಗಿಡದ, ಅಂದರೆ ಸ್ನೇಕ್ ಪ್ಲಾಂಟಿನ, ಕುಂಡಗಳು ಬೇಕಾಗಿದ್ದವು. ಬುಡದ ಗಡ್ಡೆ ಒಡೆದು ಮರಿ ಬೇರೆ ಮಾಡುತ್ತ ಕೂತಿದ್ದೆ. ಹಳದಿ ಅಂಚಿನದನ್ನು ಎಲೆ ತುಂಡು ಮಾಡಿ ನೆಟ್ಟರೆ ಅಂಚು ಹೋಗಿ ಬರೀ ಹಸಿರು ಬರುತ್ತದೆ, ಅಂಚು ಉಳಿಯಬೇಕೆಂದರೆ ಬುಡದ ಮರಿಯೇ ಬೇಕು. ಇದು ನನಗೆ ವರ್ಷಗಳಿಂದ ಗೊತ್ತಿದ್ದ ಮಾತು. ಕೈಯಲ್ಲಿ ಆ ಮರಿ ಹಿಡಿದು ಕೂತಲ್ಲೇ ಕೂತುಬಿಟ್ಟೆ.

ಮರುದಿನ ಧಾರವಾಡಕ್ಕೆ ಹೋಗಿ ಆ ಪುಸ್ತಕದ ಉಳಿದ ಅರ್ಧ ಓದಿದೆ. ಪಟ್ಟೆ ಹೂವಿನ ವೈಲೆಟ್ಟುಗಳಿಗೆ ಒಂದು ಪುಟವೇ ಇತ್ತು. ಒಂದೇ ಗಿಡದಲ್ಲಿ ಎರಡು ಬಗೆಯ ಜೀವಕೋಶ ಪದರ ಪದರವಾಗಿ ಕೂಡಿರುವುದರಿಂದ ಆ ಪಟ್ಟೆ. ಎಲೆಯಿಂದ ಬೆಳೆಸಿದರೆ ಆ ಪದರ ಬಿಟ್ಟುಹೋಗುತ್ತದೆ. ಬುಡದ ಮರಿಯಿಂದ, ಇಲ್ಲವೇ ನೆತ್ತಿಯನ್ನೇ ಕತ್ತರಿಸಿ ಬೇರು ಬಿಡಿಸುವುದರಿಂದ ಮಾತ್ರ ಅದು ಉಳಿಯುತ್ತದೆ. ನಾನು ಚಿವುಟಿ ಎಸೆದದ್ದು ಆ ಮರಿಗಳನ್ನು, ಬೇಡವೆಂದು ಬಿಟ್ಟದ್ದು ಆ ನೆತ್ತಿಯನ್ನು.

ಗದಗಿಗೆ ಬಂದವನು ಅಕ್ಕೋರ ಮನೆಗೆ ಮೊದಲು ಹೋಗಲಿಲ್ಲ. ಕೆಲಸದಾಕೆಯ ಮನೆ ಹುಡುಕಿಕೊಂಡು ನೇಕಾರರ ಓಣಿಗೆ ಹೋದೆ. ಗಂಡ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ. ನೂಲು ಹರಿಯದಿರಲೆಂದು ನೆಲಕ್ಕೆ ನೀರು ಚಿಮುಕಿಸಿದ್ದರು. ಬಡಗಣಕ್ಕೆ ಒಂದು ಚಿಕ್ಕ ಕಿಟಕಿ, ತಂಪು, ತೇವ, ಮೆತ್ತನೆಯ ಬೆಳಕು. ನಾನು ಗೋಣಿ ತಟ್ಟು ಕಟ್ಟಿ ಮಾಡಲು ಹೆಣಗಿದ್ದೆಲ್ಲ ಅಲ್ಲಿ ತಾನಾಗಿಯೇ ಇತ್ತು.

ಆಕೆ ಸೆರಗು ಹೊದ್ದು ನಿಂತಳು. ತಪ್ಪು ನಿನ್ನದಲ್ಲ, ನನ್ನದು, ಆ ಮರಿಗಳನ್ನು ಎಸೆಯಬಾರದಿತ್ತು ಎಂದು ಹೇಳಿದೆ. ಆಕೆ ಒಂದು ಹೆಜ್ಜೆ ಮುಂದೆ ಬಂದಳು.

“ಮರಿಯಿಂದ ಪಟ್ಟಿ ಹೂ ಬರತಿತ್ತೇನ್ರಿ?”

“ಅದರಿಂದ ಅಷ್ಟ ಬರತಿತ್ತು.”

ಆಕೆ ಗಂಡನ ಕಡೆ ನೋಡಿದಳು. ಆತ ಮಗ್ಗ ನಿಲ್ಲಿಸಿದ.

“ಬುಟ್ಟಿಯಾಗಿಂದು ಒಂದು ಮರಿ ನಾ ತಂದಿದ್ನಿರಿ,” ಎಂದಳು. “ನೀವು ಒಗಿ ಅಂದಿದ್ರಿ, ಒಗೀಲಿಕ್ಕೆ ಮನಸ್ಸಾಗಲಿಲ್ಲ. ಕಿವಿ ಮುರದ ಚಾದ ಕಪ್ಪಿನ್ಯಾಗ ಹಚ್ಚಿದ್ನಿ. ಅಲ್ಲೆ ಇತ್ರಿ, ಆ ಕಿಡಕ್ಯಾಗ. ಬ್ಯಾಸಗಿ ದಾಟಿತು. ದಸರಾದ ಮುಂದ ಎರಡ ಹೂ ಬಿಟ್ಟಿತ್ತು.”

“ಪಟ್ಟಿದೇನು?” ಎಂದೆ.

“ಹೂಂರಿ. ಪಟ್ಟಿದು. ಬನ್ನಿ ಕೊಡೂ ದಿನಾ ಅಕ್ಕೋರಿಗೆ ಒಯ್ದ ಕೊಡಬೇಕಂತ ಮಾಡಿದ್ನಿ.”

“ಎಲ್ಲೈತಿ ಈಗ?”

“ನೀವು ಬೈದ ದಿನಾ ಮನಿಗೆ ಬಂದು ಕಿತ್ತ ಒಗದ್ನಿರಿ. ನೀ ಮುಟ್ಟಿದ್ದು ಉಳಿಯೂದಿಲ್ಲ ಅಂದ್ರಿ. ಹಸರಂಬೂದಕ್ಕ ಕೈ ಹಚ್ಚಬ್ಯಾಡ ಅಂದ್ರಿ. ನನ್ನ ಕೈಯಾಗ ಸಾಯೂದು ನೋಡೂದು ಬ್ಯಾಡ ಅನ್ನಿಸ್ತು.”

ಕಿಟಕಿಯಲ್ಲಿ ಆ ಕಪ್ಪು ಇನ್ನೂ ಇತ್ತು. ಅದರಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆಗಳನ್ನು ಇಟ್ಟಿದ್ದರು. ಕ್ಷಮಿಸು ಎನ್ನಲು ಹೋದವನು ಅದನ್ನು ಹೇಳದೆ ಎದ್ದು ಬಂದೆ. ಅದು ಇಂದಿಗೂ ಹೇಳದೆ ಉಳಿದಿದೆ.

ಅಕ್ಕೋರಿಗೆ ಎಲ್ಲ ಹೇಳಿದೆ. ಮರಿಗಳ ಮಾತು, ಎಲೆಗಳ ಮಾತು, ಚಹಾ ಕಪ್ಪಿನ ಮಾತು. ಮುಚ್ಚಿಡಬಹುದಿತ್ತು. ಸುಳ್ಳು ಧೈರ್ಯ ಕೊಡಬೇಡ ಎಂದಿದ್ದರು ಮೊದಲ ದಿನವೇ. ಅವರು ಆರು ನೀಲಿ ಕುಂಡಗಳ ಕಡೆ ತಿರುಗಿದರು.

“ಅಕಿ ಮನ್ಯಾಗ ಎರಡ ಹೂ ಬಿಟ್ಟಿತ್ತಂತೇನು?”

“ಹೂಂರಿ.”

“ನಾನೂ ಅಂದು ಅಕಿ ಪರ ಒಂದ ಮಾತ ಆಡಲಿಲ್ಲ ನೋಡು,” ಎಂದರು. ಕುಂಡಗಳನ್ನು ನನ್ನ ಕಡೆ ಸರಿಸಿ, “ಇವನ್ನ ಒಯ್ಯು ತಮ್ಮಾ. ಚಲೋ ಅದಾವು. ನನಗ ನೋಡಾಕ ಆಗೂದಿಲ್ಲ” ಎಂದರು.

ಆರನ್ನೂ ಒಯ್ದೆ. ಕೆಲಸದಾಕೆಯನ್ನು ಮರಳಿ ಕರೆಯಲು ಅಕ್ಕೋರು ತಾವೇ ಹೋಗಿದ್ದರಂತೆ, ಆಕೆ ಬರಲಿಲ್ಲ. ಆ ಬಡಗಣ ಕಿಟಕಿಯಲ್ಲಿ ಮತ್ತೆ ಗಿಡ ಇಟ್ಟದ್ದನ್ನು ನಾನು ಕಾಣಲಿಲ್ಲ.

ಆ ಆರರ ಸಂತತಿ ನನ್ನ ನರ್ಸರಿಯ ನೆರಳಿನಲ್ಲಿ ಇನ್ನೂ ಇದೆ. ಬುಡದಲ್ಲಿ ಮರಿ ಒಡೆದರೆ ಚಿವುಟಲು ಕೈ ಬರುವುದಿಲ್ಲ. ಒಂದನ್ನೂ ಬಿಡದೆ ಎಲ್ಲವನ್ನೂ ನೆಡುತ್ತೇನೆ. ನೀಲಿಯ ಮರಿಗೆ ನೀಲಿಯೇ ಬರುವುದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಮೊದಲ ಮೊಗ್ಗು ಬಿಚ್ಚುವ ದಿನ ಬೇರೆ ಕೆಲಸಕ್ಕೆ ಹೋಗದೆ ಅದರ ಮುಂದೆ ಕೂತಿರುತ್ತೇನೆ. ಇದುವರೆಗೆ ಎಲ್ಲವೂ ನೀಲಿ.